ಎರಡು ಚೊಂಬು ನೀರು

ಮೂರು ವರ್ಷದ ಹಿಂದೆ ನಿಟ್ಟೂರಿನ ನಮ್ಮ ಮನೆಯ ಕಕ್ಕಸಿಗೆ ಕಮೋಡ್ ಹಾಕಿಸಿದೆ. ಅಪ್ಪನಿಗೆ ಮಂಡಿನೋವು, ಕೂತರೆ ಏಳೋಕಾಗ್ತಿರಲಿಲ್ಲ. ಬೆಂಗಳೂರಲ್ಲಿ ಗೆಳೆಯನೊಬ್ಬ ಮನೆ ರಿಪೇರಿ ಮಾಡಿಸುವಾಗ ತೆಗೆದಿಟ್ಟಿದ್ದ ಹಳೇ ಕಮೋಡು, ಹತ್ತು ಲೀಟರಿನ ಫ್ಲಶ್ ಟ್ಯಾಂಕು. ಗಟ್ಟಿ ಮಾಲು, ಬಿಟ್ಟಿ ಬೇರೆ. ಮೊದಲ ಸಲ ಫ್ಲಶ್ ಒತ್ತಿದ ಅಮ್ಮ ಗಾಬರಿಯಾಗಿ ಹೊರಗೆ ಬಂದು, "ಎರಡು ಚೊಂಬಲ್ಲಿ ಆಗೋ ಕೆಲಸಕ್ಕೆ ಒಂದು ಬಿಂದಿಗೆ ನೀರು ಸುರಿತದಲ್ಲೋ!" ಅಂದಳು. ನಾನು ನಕ್ಕುಬಿಟ್ಟೆ.

ಅಮ್ಮನ ಲೆಕ್ಕವೇ ಸರಿ. ಹಳ್ಳಿ ಕಡೆ ಗುಂಡಿ ಕಕ್ಕಸಿಗೆ ಕೂರಿಸುವ ಬೇಸಿನ್ನಿಗೆ ಇಳಿಜಾರು ಜಾಸ್ತಿ. ಒಂದೂವರೆಯಿಂದ ಎರಡು ಲೀಟರ್ ಸುರಿದರೆ ಸಾಕು. ನೀರು ಉಳಿಸುತ್ತೆ ಅಂತ ನಾವು ಹೊಗಳುವ ಎರಡು ಬಟನ್ನಿನ ಫ್ಲಶ್ಶೇ 3 ಲೀಟರ್, 6 ಲೀಟರ್ ತಗೊಳ್ಳುತ್ತೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟಾಗ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು: 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ, ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರಿಯೇಟರ್ ಕಡ್ಡಾಯ ಅಂತ ಜಲಮಂಡಳಿ ಹೇಳಿತು. ಫ್ಲಶ್ ಸುದ್ದಿಗೆ ಯಾರೂ ಬರಲಿಲ್ಲ. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು "ಹಳೇ ಫ್ಲಶ್ ಟ್ಯಾಂಕ್ ಎಲ್ಲ ಬದಲಾಯಿಸೋಣ್ವಾ?" ಅಂತ ಕೇಳಿದರು. ಇನ್ನೊಬ್ಬರ ಉತ್ತರ: "ಸರ್ಕಾರ ಸಬ್ಸಿಡಿ ಕೊಡಲಿ, ಆಮೇಲೆ ನೋಡೋಣ." ಹದಿನೇಳು ಥಂಬ್ಸ್ ಅಪ್ ಬಿತ್ತು. ಅದರಲ್ಲೊಂದು ನನ್ನದು.

ಲೆಕ್ಕ ಹಾಕಿದರೆ ಆ ಮಾತು ತಪ್ಪೂ ಅಲ್ಲ. ನಾಲ್ಕು ಜನರ ಮನೇಲಿ ದಿನಕ್ಕೆ ಇಪ್ಪತ್ತು ಫ್ಲಶ್ ಅನ್ನಿ. ಸಲಕ್ಕೆ 6 ಲೀಟರ್ ಉಳಿದರೆ ತಿಂಗಳಿಗೆ 3,600 ಲೀಟರ್. ಆಗ ಕಾವೇರಿ ನೀರಿನ ಮೊದಲ ಸ್ಲ್ಯಾಬಿಗೆ ಸಾವಿರ ಲೀಟರಿಗೆ 7 ರೂಪಾಯಿ. ಅಂದ್ರೆ ಉಳಿತಾಯ ತಿಂಗಳಿಗೆ 25 ರೂಪಾಯಿ! ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲಕ್ಕೆತ್ತಿ ತರುವ ನೀರಿಗೆ ಇದು ಬೆಲೆ. ಇಪ್ಪತ್ತೈದು ರೂಪಾಯಿ ಆಸೆಗೆ ಯಾರು ಸಾವಿರಾರು ಸುರಿದು ಕಮೋಡ್ ಬದಲಾಯಿಸ್ತಾರೆ? ಅದಕ್ಕೇ ನ್ಯೂಯಾರ್ಕ್ ನಗರ 1994ರಿಂದ 1997ರವರೆಗೆ ಮನೆಮಾಲೀಕರ ಕೈಗೆ ದುಡ್ಡು ಕೊಟ್ಟು ಸುಮಾರು 13 ಲಕ್ಷ ಹಳೇ ಕಮೋಡ್ ಕೀಳಿಸಿತು. ನಮ್ಮಲ್ಲೂ ಸೋಲಾರ್ ವಾಟರ್ ಹೀಟರ್ ಹಾಕಿಸಿದವರಿಗೆ ಕರೆಂಟ್ ಬಿಲ್ಲಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿದ್ದಾರೆ.

ಆದರೂ ನನಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಹತ್ತು ಲೀಟರ್ ಸುರಿದ ನನಗೆ ಬಹುಮಾನ, ಜೀವಮಾನವೆಲ್ಲ ಎರಡು ಚೊಂಬಲ್ಲಿ ಮುಗಿಸಿದವಳಿಗೆ ಸೊನ್ನೆ. 2018ರ ಸಾಲಮನ್ನಾ ಹೊತ್ತಲ್ಲಿ ಊರಿನ ಟೀ ಅಂಗಡೀಲಿ ಕೇಳಿದ್ದೂ ಇದನ್ನೇ: "ಹಂಗಾದ್ರೆ ಸರಿಯಾಗಿ ಕಟ್ಟಿದೋರು ದಡ್ಡರಾ?" ಅವತ್ತು ಸರ್ಕಾರ, ಸಕಾಲಕ್ಕೆ ಕಟ್ಟಿದವರಿಗೂ 25,000ದವರೆಗೆ ಕೊಡ್ತೀವಿ ಅಂತ ಬಜೆಟ್‌ನಲ್ಲಿ ಹೇಳಬೇಕಾಯ್ತು. ಫ್ಲಶ್ ವಿಷಯದಲ್ಲೂ ಹಾಗೇ ಮಾಡಬಹುದು. ಕಮೋಡಿಗಲ್ಲ, ಕಡಿಮೆ ನೀರು ಬಳಸಿದ್ದಕ್ಕೆ ದುಡ್ಡು ಕೊಡಲಿ.

ಇದನ್ನೆಲ್ಲ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಮುಂದೆ ದೊಡ್ಡದಾಗಿ ಹೇಳಿದೆ. ಜನಕ್ಕೆ ಒಳ್ಳೇ ಕೆಲಸಕ್ಕೂ ದುಡ್ಡು ಬೇಕು ನೋಡು, ಅಂದೆ. ಹುರುಳಿಕಾಯಿ ಮುರೀತಿದ್ದವಳು ತಲೆ ಎತ್ತದೆ, "ನಮ್ಮನೇಲಿ ಕಕ್ಕಸು ಯಾವಾಗ ಕಟ್ಟಿಸಿದ್ದು?" ಅಂದಳು.

ಸ್ವಚ್ಛ ಭಾರತದವರು 12,000 ಕೊಡ್ತಾರೆ ಅಂತಾದ ಮೇಲೆ. ನಾನಾಗ ಬಿಇ ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು, ಸಂಬಳ ಬರ್ತಿತ್ತು, ಹೊಸ ಬೈಕೂ ತಗೊಂಡಿದ್ದೆ. ಕಟ್ಟಿಸಬಹುದಿತ್ತು. "ಹೆಂಗೂ ಪಂಚಾಯ್ತಿಯಿಂದ ದುಡ್ಡು ಬರುತ್ತಲ್ಲ, ಪಟ್ಟೀಲಿ ಹೆಸರು ಬರ್ಲಿ" ಅಂತ ಹೇಳಿದವನು ನಾನೇ. ಹೆಸರು ಬರೋಕೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ಅಮ್ಮ ಕತ್ತಲಾಗುವುದನ್ನೇ ಕಾದು ತೋಟದಾಚೆ ಹೋಗಿ ಬರ್ತಿದ್ದಳು. ಮಳೆಗಾಲವೂ ಸೇರಿ.

ಸಬ್ಸಿಡಿ ಬೇಡ ಅಂತಲ್ಲ. ಕೈಲಾಗದವರಿಗೆ ಅದು ಬೇಕೇ ಬೇಕು, ಬಾಡಿಗೆ ಮನೆ ಓನರ್‌ಗಳನ್ನ ಎಬ್ಬಿಸೋಕೂ ಬೇಕು. ಆದರೆ ಕೈಲಾಗುವ ನನ್ನಂಥವನಿಗೆ ಅದು ಕಾಯೋಕೆ ಒಂದು ನೆಪ ಕೊಡುತ್ತೆ, ಮತ್ತು ನಾನು ಕಾಯುವಾಗ ಕಷ್ಟ ಪಡೋದು ಇನ್ಯಾರೋ. ಹೇಮಾವತಿ ಲಿಂಕ್ ಕೆನಾಲ್ ಅಂದ್ರೆ ನಮ್ಮ ಗುಬ್ಬಿಯವರು ರಸ್ತೆಗಿಳೀತಾರೆ, ನಾನೂ ಸ್ಟೇಟಸ್ ಹಾಕ್ತೀನಿ. ನನ್ನ ಬಚ್ಚಲಿನ ನೀರಿಗೆ ಮಾತ್ರ ಸರ್ಕಾರ ಬರಬೇಕು.

ಬೆಂಗಳೂರಿನ ಮನೆ ಬಾಡಿಗೆಯದ್ದು; ಓನರ್ "ನೋಡೋಣ" ಅಂದಿದ್ದಾರೆ. ಅಲ್ಲೀತನಕ ಇರಲಿ ಅಂತ ಫ್ಲಶ್ ಟ್ಯಾಂಕೊಳಗೆ ನೀರು ತುಂಬಿದ ಎರಡು ಬಾಟಲಿ ಇಟ್ಟಿದ್ದೀನಿ. ಊರಿನದ್ದಕ್ಕೆ ಕಳೆದ ತಿಂಗಳು ಎರಡು ಬಟನ್ನಿನ ಹೊಸ ಸೆಟ್ಟೇ ಒಯ್ದು ಹಾಕಿಸಿದೆ. ಯಾವ ಬಟನ್ ಯಾವುದಕ್ಕೆ ಅಂತ ಅಪ್ಪ ಎರಡು ಸಲ ಕೇಳಿ ತಿಳ್ಕೊಂಡರು. ಅಮ್ಮ ಎರಡನ್ನೂ ಮುಟ್ಟಲ್ಲ. ಬಕೆಟ್ಟು ಪಕ್ಕದಲ್ಲೇ ಇದೆ, ಚೊಂಬು ಅದರ ಮೇಲೆ.