ಕರ್ತೃವಿನ ಹೊಣೆ: ಥಾಮಸ್ ಬೌಚನ ಬಾಳು

ಒಂದು ಕಾರ್ಯವು ಕೆಟ್ಟಾಗ ಅದರ ಕಾರಣವನ್ನು ಅರಸುವುದು ಬೇರೆ, ಹೊಣೆಗಾರನನ್ನು ಅರಸುವುದು ಬೇರೆ. 1880ನೆಯ ಇಸವಿಯ ಜೂನ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರವು ನೇಮಿಸಿದ್ದ ಮೂವರು ವಿಚಾರಕರು ಒಂದೇ ಸಾಕ್ಷ್ಯವನ್ನು ಕೇಳಿ, ಹೆಚ್ಚುಕಡಿಮೆ ಒಂದೇ ಕಾರಣವನ್ನು ಕಂಡುಕೊಂಡು, ಎರಡು ವರದಿಗಳನ್ನು ಒಪ್ಪಿಸಿದರು. ಸ್ಕಾಟ್ಲೆಂಡಿನಲ್ಲಿ ಟೇ ನದಿಯ ಅಳಿವೆಗೆ ಕಟ್ಟಿದ್ದ ರೈಲು ಸೇತುವೆಯು ಬಿದ್ದುದೇಕೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ರೈಲುದಾರಿಗಳ ಮುಖ್ಯ ತನಿಖಾಧಿಕಾರಿಯಾದ ಕರ್ನಲ್ ಯೋಲೆಂಡ್, ಹೆಸರಾಂತ ಇಂಜಿನಿಯರಾದ ವಿಲಿಯಂ ಬಾರ್ಲೊ, ಇವರಿಬ್ಬರು ಕಾರಣವನ್ನು ಹೇಳಿ ಸುಮ್ಮನಾದರು. ಹಡಗುಗಳ ಅಪಘಾತಗಳನ್ನು ವಿಚಾರಿಸುವ ಅಧಿಕಾರಿಯಾಗಿದ್ದ ಹೆನ್ರಿ ರಾದರಿಯು ಮಾತ್ರ, ಸೇತುವೆಯ ಯೋಜನೆಯೂ ಕಟ್ಟಡವೂ ಪಾಲನೆಯೂ ಕೆಟ್ಟವೆಂದೂ, ಇದಕ್ಕೆ ಮುಖ್ಯ ಹೊಣೆಗಾರನು ಅದರ ಕರ್ತೃವಾದ ಸರ್ ಥಾಮಸ್ ಬೌಚನೇ ಎಂದೂ ಬರೆದನು. ಈ ವಿಷಯದಲ್ಲಿ ಉಳಿದಿಬ್ಬರಿಗೂ ತನಗೂ ಭೇದವಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ತಮ್ಮ ಕೆಲಸವಲ್ಲವೆಂದು ಅವರ ಎಣಿಕೆ, ಎಂಬ ಅಭಿಪ್ರಾಯವನ್ನೂ ಸೇರಿಸಿದನು. ಅಕ್ಟೋಬರ್ 30ರಂದು, ಎಂದರೆ ನಾಲ್ಕೇ ತಿಂಗಳಲ್ಲಿ, ಬೌಚನು ತೀರಿಕೊಂಡನು.

ಹೆಸರನ್ನು ಹೇಳಿದವನು ಸರಿಯೋ, ಹೇಳದೆ ಬಿಟ್ಟವರು ಸರಿಯೋ? ಈ ಮಾತನ್ನು ನಿರ್ಣಯಿಸುವ ಮೊದಲು ಬೌಚನ ಬಾಳನ್ನು ನೋಡಬೇಕು.

ಅವನು 1822ರಲ್ಲಿ ಕಂಬರ್ಲೆಂಡಿನ ಥರ್ಸ್‌ಬಿ ಗ್ರಾಮದಲ್ಲಿ ಒಬ್ಬ ಹಡಗಿನ ಕಪ್ತಾನನ ಮಗನಾಗಿ ಹುಟ್ಟಿದನು. ಹದಿನೇಳರ ಹರೆಯದಲ್ಲಿ ಇಂಜಿನಿಯರನೊಬ್ಬನ ಕೈಕೆಳಗೆ ಸೇರಿ ವಿದ್ಯೆಯನ್ನು ಕಲಿತನು. ಫೋರ್ತ್ ಎಂಬ ಅಳಿವೆಯನ್ನು ಸರಕಿನ ಬಂಡಿಗಳು ಹಾಗೆಯೇ ಹಡಗನ್ನೇರಿ ದಾಟುವ ಏರ್ಪಾಟನ್ನು 1850ರಲ್ಲಿ ಮಾಡಿದವನು ಅವನೇ. ಇಂಗ್ಲೆಂಡಿನ ಉತ್ತರಭಾಗದ ಬೆಟ್ಟಗಳ ನಡುವೆ 196 ಅಡಿ ಎತ್ತರದ ಬೀಲಾ ಸೇತುವೆಯನ್ನು ಕಬ್ಬಿಣದಲ್ಲಿ ಕಟ್ಟಿಸಿದನು. ಅದು ನೂರು ವರ್ಷ ಬಂಡಿಗಳನ್ನು ಹೊತ್ತು, 1963ರಲ್ಲಿ ಮನುಷ್ಯರ ಕೈಯಿಂದಲೇ ಬಿಚ್ಚಲ್ಪಟ್ಟಿತು. ಕಡಿಮೆ ವೆಚ್ಚದಲ್ಲಿ ದಾರಿ ಹಾಕುವುದೇ ಅವನ ಕೀರ್ತಿ. ಹಣವಂತ ಕಂಪನಿಗಳು ತಿರುಗಿಯೂ ನೋಡದಿದ್ದ ಸಣ್ಣ ಊರುಗಳಿಗೆ ರೈಲು ಬಂದುದು ಇಂಥ ಮಿತವ್ಯಯಿಗಳಿಂದ. ಇದನ್ನು ಲೋಭವೆಂದು ಕರೆಯುವುದು ಅನ್ಯಾಯ. ಆ ಊರಿನವರು ಅದನ್ನು ಉಪಕಾರವೆಂದೇ ತಿಳಿದಿದ್ದರು.

ಟೇ ಸೇತುವೆಗೆ 1871ರಲ್ಲಿ ಅಸ್ತಿಭಾರವಾಯಿತು. ಅದರ ಉದ್ದ ಸುಮಾರು ಎರಡು ಮೈಲಿ. ನದಿಯ ತಳದಲ್ಲಿ ಉದ್ದಕ್ಕೂ ಬಂಡೆಯಿದೆಯೆಂದು ಮೊದಲು ಕೊರೆದು ನೋಡಿದವರು ಹೇಳಿದ್ದರು. ಕೆಲಸ ಮುಂದುವರಿದಂತೆ, ಬಂಡೆಯೆಂದುಕೊಂಡುದು ಗಟ್ಟಿಗೊಂಡ ಜಲ್ಲಿಯ ತೆಳುಪದರವೆಂದೂ ಅದರ ಕೆಳಗೆ ಮೆತ್ತನೆಯ ಮಣ್ಣೆಂದೂ ತಿಳಿಯಿತು. ಆಗ ಬೌಚನು ಭಾರವನ್ನು ತಗ್ಗಿಸಲು ಇಟ್ಟಿಗೆಯ ಕಂಬಗಳನ್ನು ಬಿಟ್ಟು, ಎರಕದ ಕಬ್ಬಿಣದ ಹಗುರವಾದ ಕಂಬಗಳನ್ನು ನಿಲ್ಲಿಸಿ, ಅವುಗಳ ನಡುವಣ ಅಂತರವನ್ನು ಹೆಚ್ಚಿಸಿದನು. 1878ರ ಜೂನ್ 1ರಂದು ಸೇತುವೆ ಪ್ರಯಾಣಿಕರಿಗೆ ತೆರೆಯಿತು. ಮರುವರ್ಷ ವಿಕ್ಟೋರಿಯಾ ರಾಣಿಯು ಅದನ್ನು ದಾಟಿದಳು. ಬೌಚನಿಗೆ ಸರ್ ಪದವಿ ದೊರೆಯಿತು. ಆ ವರ್ಷದ ಡಿಸೆಂಬರ್ 28, ಭಾನುವಾರ ರಾತ್ರಿ, ಬಿರುಗಾಳಿಯಲ್ಲಿ ಎತ್ತರದ 13 ಗರ್ಡರುಗಳೂ ಅವುಗಳೊಳಗೆ ಸಾಗುತ್ತಿದ್ದ ರೈಲೂ ನೀರುಪಾಲಾದುವು. ಒಬ್ಬರೂ ಉಳಿಯಲಿಲ್ಲ. ಸತ್ತವರು 75 ಮಂದಿಯೆಂದು ಅಂದು ಎಣಿಸಿದರು. ಹೆಸರಿನೊಡನೆ ದೃಢಪಟ್ಟವರು 59.

ಗಾಳಿಯ ಒತ್ತಡಕ್ಕಾಗಿ ಏನನ್ನು ಲೆಕ್ಕಹಿಡಿದೆ ಎಂದು ವಿಚಾರಣೆಯಲ್ಲಿ ಕೇಳಿದಾಗ, ವಿಶೇಷವಾಗಿ ಏನೂ ಇಲ್ಲವೆಂದು ಬೌಚನು ಒಪ್ಪಿಕೊಂಡನು. ಆಧಾರವಾಗಿ ಇಬ್ಬರ ಮಾತನ್ನು ಮುಂದಿಟ್ಟನು. ವಿಸ್ತಾರವಾದ ಮೈಮೇಲೆ ಚದರಡಿಗೆ 10 ಪೌಂಡಿನ ಒತ್ತಡವನ್ನು ಎಣಿಸಿದರೆ ಸಾಕೆಂದು ರಾಜಜ್ಯೋತಿರ್ವಿದನಾದ ಏರಿಯು 1873ರಲ್ಲಿ ಹೇಳಿದ್ದನು. ಆದರೆ ಅವನು ಹೇಳಿದುದು ಟೇ ಸೇತುವೆಗಲ್ಲ, ಫೋರ್ತ್ ಅಳಿವೆಗೆ ಯೋಚಿಸಿದ್ದ 1600 ಅಡಿ ಅಂತರದ ಬೇರೊಂದು ಸೇತುವೆಗೆ. 200 ಅಡಿಗಿಂತ ಕಡಿಮೆ ಅಂತರಕ್ಕೆ ಗಾಳಿಯನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕಾಗಿಲ್ಲವೆಂಬ ಇನ್ನೊಂದು ಸಲಹೆಯು 1869ರದು. ಅದು ಗರ್ಡರುಗಳಿಗೆ ಸಂಬಂಧಿಸಿತ್ತೇ ಹೊರತು ಕಂಬಗಳಿಗಲ್ಲ. ಕಟ್ಟಿದ ಎತ್ತರದ ಗರ್ಡರುಗಳಾದರೋ ಹೆಚ್ಚಿನವು 245 ಅಡಿಯವು. ಈ ಎರಡನೆಯ ಸಲಹೆಯನ್ನು ಕೊಟ್ಟವನು ಯೋಲೆಂಡನೇ, ವಿಚಾರಕರ ಪೀಠದಲ್ಲಿ ಕುಳಿತಿದ್ದ ಯೋಲೆಂಡನೇ! ಅವನ ಮೌನವು ನ್ಯಾಯಬುದ್ಧಿಯೋ ಸಂಕೋಚವೋ, ಅದನ್ನು ಅವನ ಅಂತಃಸಾಕ್ಷಿಗೇ ಬಿಡಬೇಕು.

ಬೌಚನೊಬ್ಬನನ್ನೇ ದೂರುವುದು ಸುಲಭವಲ್ಲ. ಎರಕದ ಕಾರ್ಖಾನೆಯಲ್ಲಿ ಕಂಬಗಳಿಗೆ ಬಿದ್ದ ತೂತುಗಳನ್ನು ಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಮಸಿ ಕೂಡಿದ ಅಂಟಿನಿಂದ ಮುಚ್ಚುತ್ತಿದ್ದರೆಂದು ಸಾಕ್ಷಿಗಳು ನುಡಿದರು. ಸೇತುವೆಯನ್ನು ಪರೀಕ್ಷಿಸಿ ಒಪ್ಪಿದ ಸರ್ಕಾರದ ಅಧಿಕಾರಿ ಮೇಜರ್ ಜನರಲ್ ಹಚಿನ್ಸನ್ನನು, ಬಿರುಗಾಳಿಯಲ್ಲಿ ರೈಲು ದಾಟುವುದನ್ನು ನೋಡುವ ಅಪೇಕ್ಷೆಯುಂಟೆಂದು ಬರೆದಿದ್ದನು. ನೋಡುವ ಪ್ರಸಂಗವೇ ಬರಲಿಲ್ಲ. ಗೊತ್ತುಮಾಡಿದ ವೇಗವನ್ನು ಬಂಡಿಗಳು ಮೀರುತ್ತಿವೆಯೆಂದು ಪ್ರಯಾಣಿಕರು ದೂರಿದ್ದುಂಟು. ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ಮೇಲ್ವಿಚಾರಕನಾದ ಹೆನ್ರಿ ನೋಬಲನ ನಡತೆ. ಇಟ್ಟಿಗೆಯ ಕೆಲಸವನ್ನು ಬಲ್ಲ ಈತನನ್ನು ಕಬ್ಬಿಣದ ಸೇತುವೆಯ ಕಾವಲಿಗೆ ಇಟ್ಟಿದ್ದರು. 1878ರ ಅಕ್ಟೋಬರಿನಲ್ಲಿ ಕಂಬಗಳ ಬಿಗಿಪಟ್ಟಿಗಳು ಸಡಿಲವಾಗಿ ಗಡಗಡನೆ ಸದ್ದುಮಾಡುವುದನ್ನು ಕೇಳಿ, ಕಬ್ಬಿಣದ ಚೂರುಗಳನ್ನು ತಂದು ಸಂದುಗಳಲ್ಲಿ ತುರುಕಿದನು. ಬೌಚನಿಗೆ ತಿಳಿಸಲಿಲ್ಲ. ಅವನು ಕೆಡುಕನಲ್ಲ, ಸೋಮಾರಿಯೂ ಅಲ್ಲ. ತನಗೆ ತೋರಿದ ಕರ್ತವ್ಯವನ್ನು ಮಾಡಿದನು. ಸೇತುವೆಯು ತಾನು ಕೊಟ್ಟ ಎಚ್ಚರಿಕೆಯನ್ನು ಹೀಗೆ ಒಬ್ಬ ನಂಬಿಗಸ್ತನ ಕೈಯೇ ಅಡಗಿಸಿತು.

ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು, ಎಲ್ಲರೂ ಕರ್ಮಫಲಕ್ಕೆ ಭಾಗಿಗಳೆಂಬುದು ಹಿರಿಯರ ಮಾತು. ಭಾಗಿಗಳು ಹೆಚ್ಚಿದಂತೆ ಒಬ್ಬೊಬ್ಬರ ಪಾಲೂ ಕಿರಿದಾಗುವುದೆಂದು ಇದಕ್ಕೆ ಅರ್ಥಮಾಡುವವರುಂಟು. ಆಸ್ತಿಗೆ ಸಲ್ಲುವ ಈ ಗಣಿತವು ಹೊಣೆಗೆ ಸಲ್ಲುವುದಿಲ್ಲ. ನೋಬಲನು ತಿಳಿಸಿದ್ದರೆ ಸೇತುವೆ ಉಳಿಯುತ್ತಿತ್ತೇನೋ. ಆದರೆ ಅವನನ್ನು ಅಲ್ಲಿ ಇಟ್ಟವರಾರು, ಅವನ ಕೆಲಸವನ್ನು ಹೋಗಿ ನೋಡಬೇಕಾಗಿದ್ದವರಾರು ಎಂದು ಕೇಳಿದರೆ ದಾರಿ ಮತ್ತೆ ಬೌಚನ ಬಾಗಿಲಿಗೇ ಬರುತ್ತದೆ. ಕಟ್ಟಡ ಮುಗಿದ ಮೇಲೆ ಅದರ ಪಾಲನೆಯನ್ನು ನೋಡಿಕೊಳ್ಳುವ ಭಾರವನ್ನು ಒಪ್ಪಿಕೊಂಡಿದ್ದವನೂ ಅವನೇ. ಅಂದಿನ ವಿದ್ಯೆಗೆ ಗಾಳಿಯ ಲೆಕ್ಕ ತಿಳಿದಿರಲಿಲ್ಲವೆಂದು ಅವನನ್ನು ಬಿಡಿಸಲಾಗದು. ಆ ಕಾಲದಲ್ಲಿಯೇ ಫ್ರಾನ್ಸಿನವರು ಚದರಡಿಗೆ 55 ಪೌಂಡನ್ನು ಎಣಿಸುತ್ತಿದ್ದರು. ಅಜ್ಞಾನವು ದೋಷವಲ್ಲದಿರಬಹುದು. ಬೇರೊಂದು ಪ್ರಶ್ನೆಗೆ ಬಂದ ಉತ್ತರವನ್ನು ತನ್ನ ಪ್ರಶ್ನೆಗೆ ಉತ್ತರವೆಂದು ಇಟ್ಟುಕೊಂಡು ನೆಮ್ಮದಿಯಾಗಿರುವುದು ದೋಷವೇ. ಎರಕದ ಮನೆಗೆ, ನೋಬಲನಿಗೆ, ಕೊರೆದು ನೋಡಿದವರಿಗೆ ತಮ್ಮ ತಮ್ಮ ತುಂಡು ಮಾತ್ರ ಕಾಣುತ್ತಿತ್ತು. ಇಡಿಯನ್ನು ಕಾಣುವ ಸ್ಥಾನದಲ್ಲಿದ್ದವನು ಬೌಚನೊಬ್ಬನೇ. ಆ ಸ್ಥಾನಕ್ಕಾಗಿಯೇ ಅವನಿಗೆ ಪದವಿ ಬಂದಿತ್ತು. ಸೇತುವೆ ನಿಂತಾಗ ಅವನ ಹೆಸರನ್ನು ಹೇಳಿದವರು ಬಿದ್ದಾಗ ಹೇಳಲು ಹಿಂಜರಿಯುವುದು ನ್ಯಾಯವೆನಿಸದು. ಆದ್ದರಿಂದ ರಾದರಿಯ ಪಕ್ಷವೇ ಸರಿಯೆಂದು ತೋರುತ್ತದೆ. ಆದರೆ ಬೀಲಾ ಸೇತುವೆಯನ್ನು ಒಮ್ಮೆಯೂ ನೆನೆಯದೆ ಆ ಹೆಸರನ್ನು ಒಂದು ರಾತ್ರಿಗೇ ಕಟ್ಟಿಹಾಕಿದ ಲೋಕದ ಪಕ್ಷ ಅದಲ್ಲ.

ಟೇ ನದಿಗೆ ಹೊಸ ಸೇತುವೆಯನ್ನು ಯೋಜಿಸಿದವನು, ಹೆಸರನ್ನು ಹೇಳದೆ ಬಿಟ್ಟ ಆ ಬಾರ್ಲೊ. ಅದು 1887ರಲ್ಲಿ ತೆರೆಯಿತು. ಬೀಳದೆ ಉಳಿದಿದ್ದ ಭಾಗದಿಂದ ಬೌಚನ ಗರ್ಡರುಗಳನ್ನು ತೆಗೆದು, ಹೊಸ ಕಂಬಗಳ ಮೇಲೆ ಏರಿಸಿ, ಹೊಸ ಸೇತುವೆಯಲ್ಲಿಯೇ ಸೇರಿಸಿದರು. ಹಳೆಯ ಕಂಬಗಳ ಬುಡಗಳು ಅದರ ಪಕ್ಕದಲ್ಲಿ ನೀರಿನಿಂದ ಮೇಲೆದ್ದು ಇಂದಿಗೂ ಕಾಣುತ್ತವೆ.