ಬುಧವಾರದ ಹಾಡು

2024ರ ಫೆಬ್ರುವರಿ 20ರಂದು ಮುಂಬಯಿಯಲ್ಲಿ ಅಮೀನ್ ಸಯಾನಿ ತೀರಿಕೊಂಡರು. ಅವರಿಗೆ 91 ವರ್ಷವಾಗಿತ್ತು. ನನಗೆ ಸುದ್ದಿ ತಿಳಿದದ್ದು ಮರುದಿನ, ಶಾಲೆಯ ಊಟದ ಹೊತ್ತಿನಲ್ಲಿ. ಅಂದು ಬುಧವಾರವೇ ಆಗಿತ್ತು. ನನ್ನ ವಯಸ್ಸಿನವರಿಗೆ ಆ ವಾರ ಮತ್ತು ಆ ಹೆಸರು ಎರಡೂ ಕೂಡಿಯೇ ನೆನಪಾಗುತ್ತವೆ. ಬುಧವಾರ ರಾತ್ರಿ ಎಂಟು ಗಂಟೆಗೆ ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಬರುತ್ತಿತ್ತು. ಆ ಒಂದು ತಾಸು ಬಗದಲ್‌ನ ನಮ್ಮ ಓಣಿಯಲ್ಲಿ ಯಾರ ಮನೆಯ ಕೂಸೂ ಅಳುತ್ತಿರಲಿಲ್ಲ ಎಂದು ನಮ್ಮ ಆಯಿ ಹೇಳುತ್ತಿದ್ದಳು.

ಅಂದು ಸಂಜೆ ಕಾಕುನ ಮನೆಗೆ ಹೋದೆ. ಕಾಕು ನಮ್ಮ ತಂದೆಯ ತಮ್ಮನ ಹೆಂಡತಿ. ಅರವತ್ತು ದಾಟಿದೆ. ಅಂಗಳದ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. “ಕಾಕೂ, ರೇಡಿಯೋದ ಅಮೀನ್ ಸಯಾನಿ ಹೋದ್ರಂತ” ಎಂದೆ. ಕಾಕು ಮೊರ ಕೆಳಗಿಟ್ಟಳು. “ಅಯ್ಯ, ಪಾಪ. ಮೊದಲ ಬೆಹನೋ ಅಂತಿದ್ದ, ಆಮ್ಯಾಲ ಭಾಯಿಯೋ ಅಂತಿದ್ದ” ಎಂದಳು. ಇಷ್ಟು ವರ್ಷ ಆ ಮಾತು ಕೇಳಿದ್ದರೂ ಅದರ ಕ್ರಮ ನಾನು ಗಮನಿಸಿರಲಿಲ್ಲ. ಸಭೆಯಲ್ಲಿ ಮಾತಾಡುವವರೆಲ್ಲ ಸೋದರರನ್ನು ಮೊದಲು ಕರೆಯುವಾಗ ಆತ ಅಕ್ಕತಂಗಿಯರನ್ನು ಮೊದಲು ಕರೆಯುತ್ತಿದ್ದ. ಒಲೆಯ ಮುಂದೆ ಕುಳಿತವಳಿಗೆ ಅದು ಕೇಳಿಸಿತ್ತು.

ನಾನು ಫೋನಿನಲ್ಲಿ ಗೀತಮಾಲೆಯ ಹಳೆಯ ಹಾಡುಗಳನ್ನು ಹಚ್ಚಿ ಕಟ್ಟೆಯ ಮೇಲಿಟ್ಟೆ. 1974ರಲ್ಲಿ ವರ್ಷದ ಮೊದಲ ಹಾಡಾಗಿದ್ದ ‘ಕೋರಾ ಕಾಗಜ್’ ಚಿತ್ರದ ಹಾಡು ಬಂತು. ಕಾಕು ತುಟಿಯಲ್ಲೇ ಗುನುಗಿದಳು. ಮತ್ತೆರಡು ಹಾಡು ಮುಗಿದವು. ಆಮೇಲೆ ‘ಲಾವಾರಿಸ್’ ಚಿತ್ರದ ಹಾಡು ಶುರುವಾದದ್ದೇ ತಡ, ಕಾಕು ಕೈ ಮುಂದೆ ಮಾಡಿದಳು.

“ಇದೊಂದ್ ಬ್ಯಾಡವ್ವಾ. ಮುಂದಿಂದು ಹಚ್ಚು.”

“ಯಾಕ ಕಾಕೂ?”

“ಯಾಕಂತ ನೀನೇ ಕೇಳ್ತೀ?” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆದರೂ ನನ್ನ ಕೈ ತಣ್ಣಗಾಯಿತು. ಯಾಕೆಂದು ನನಗೆ ಗೊತ್ತಿತ್ತು. 42 ವರ್ಷದಿಂದ ಗೊತ್ತಿದ್ದದ್ದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಂಡಿದ್ದೆ.

ಗೀತಮಾಲೆಯನ್ನು ಕೇಳದ ಕಿರಿಯ ಓದುಗರಿಗೆ ಎರಡು ಮಾತು ಹೇಳಬೇಕು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಸಚಿವರಾದರು. ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಭಕ್ತಿ, ಸಿನಿಮಾ ಹಾಡೆಂದರೆ ಹಗುರ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗ ಇಲ್ಲದಂತಾಯಿತು. ಜನ ರೇಡಿಯೋದ ಮುಳ್ಳು ತಿರುಗಿಸಿ ಸಮುದ್ರದಾಚೆಯ ಸಿಲೋನ್ ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಂದ ಗೀತಮಾಲಾ ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಬರುವ ಹೊತ್ತಿಗೆ ಅದು ಮನೆಮಾತಾಗಿತ್ತು. ಹಲ್ಲುಪುಡಿ, ಪೇಸ್ಟಿನ ಕಂಪನಿ ಅದಕ್ಕೆ ಹಣ ಕೊಡುತ್ತಿತ್ತು. ಬಿನಾಕಾ ಹೋಗಿ ಸಿಬಾಕಾ ಎಂದು ಹೆಸರು ಬದಲಾದರೂ ನಮ್ಮ ಮನೆಯಲ್ಲಿ ಅದು ಕೊನೆಯ ತನಕ ಬಿನಾಕಾನೇ. ಸಿಲೋನಿನಿಂದ ಅದು 1988ರವರೆಗೆ ಬಂತು.

ಅದರ ರುಚಿ ಇದ್ದದ್ದು ಏಣಿಯಲ್ಲಿ. ಪ್ರತಿ ಹಾಡಿಗೂ ಒಂದು ಮೆಟ್ಟಿಲು. ಅಮೀನ್ ಸಯಾನಿ ಅದನ್ನು ‘ಪಾಯದಾನ್’ ಎನ್ನುತ್ತಿದ್ದರು. ಕೆಳಗಿನಿಂದ ಶುರುವಾಗಿ ಕೊನೆಗೆ ಒಂದನೇ ಪಾಯದಾನಿನ ಹಾಡು ಬರುತ್ತಿತ್ತು. ವರ್ಷದ ಕೊನೆಗೆ ಇಡೀ ವರ್ಷದ ಲೆಕ್ಕ. ರೆಕಾರ್ಡ್ ಅಂಗಡಿಗಳಲ್ಲಿ ಯಾವುದು ಎಷ್ಟು ಮಾರಿತು, ಶ್ರೋತೃ ಸಂಘದವರು ಯಾವುದನ್ನು ಮೆಚ್ಚಿ ಪತ್ರ ಬರೆದರು ಎಂಬುದರ ಮೇಲೆ ಈ ಲೆಕ್ಕ ನಡೆಯುತ್ತಿತ್ತು. ನಮ್ಮ ಓಣಿಯಲ್ಲಿ ಯಾರೂ ರೆಕಾರ್ಡ್ ಕೊಂಡವರಲ್ಲ. ಆದರೂ ಮೇಲೇರಿದ ಹಾಡು ನಮ್ಮದೇ ಮನೆಯ ಮಗು ಪಾಸಾದಂತೆ ಸಂತೋಷ ಪಡುತ್ತಿದ್ದೆವು.

1981ರ ಬೇಸಿಗೆಯಲ್ಲಿ ಕಾಕಾನ ಮದುವೆಯಾಯಿತು. ಔರಾದ್ ಕಡೆಯ ಹಳ್ಳಿಯಿಂದ ಕಾಕು ಬಂದಳು. ಹದಿನೆಂಟರ ಹುಡುಗಿ. ತೆಳ್ಳಗೆ, ಎತ್ತರ, ಬಣ್ಣ ಕಪ್ಪು. ಕಣ್ಣು ಮಾತ್ರ ದೊಡ್ಡವು. ಅವಕ್ಕೆ ತೀಡಿದ ಕಾಡಿಗೆ ಹೊಸಿಲಿನಾಚೆಯಿಂದಲೂ ಕಾಣುತ್ತಿತ್ತು. ಅದೇ ವರ್ಷ ‘ಲಾವಾರಿಸ್’ ಬಂತು. ಅಮಿತಾಭ್ ಬಚ್ಚನ್ ಹೆಂಗಸಿನ ವೇಷ ಹಾಕಿ, ತಾವೇ ಹಾಡಿದ ಹಾಡು. ಉದ್ದ ಹೆಂಡತಿ, ದಪ್ಪ ಹೆಂಡತಿ, ಕಪ್ಪು ಹೆಂಡತಿ, ಬಿಳಿ ಹೆಂಡತಿ, ಗಿಡ್ಡ ಹೆಂಡತಿ, ಹೀಗೆ ಒಬ್ಬೊಬ್ಬಳಿಂದ ಏನು ಉಪಯೋಗ ಎಂದು ಸಾಲುಗಟ್ಟಿ ಹೇಳುತ್ತದೆ. ಕಪ್ಪು ಹೆಂಡತಿಯಿದ್ದರೆ ಕಣ್ಣಿಗೆ ಸುರ್ಮಾ ಬೇಕಿಲ್ಲ ಎಂಬುದು ಅಲ್ಲಿಯ ನಗೆ.

ನಾನಾಗ ಹನ್ನೆರಡು ವರ್ಷದವಳು. ಹಾಡು ಒಮ್ಮೆ ಕೇಳಿದರೆ ಬಾಯಿಗೆ ಬರುತ್ತಿತ್ತು. ಅಂಗಳದಲ್ಲಿ ಆಯಿಯ ಸೀರೆ ಸುತ್ತಿಕೊಂಡು ಆ ಹಾಡನ್ನು ಆಡಿ ತೋರಿಸುತ್ತಿದ್ದೆ. ಸುರ್ಮಾದ ಸಾಲು ಬಂದಾಗ ಒಲೆಯ ಕಡೆ ಕೈ ತೋರಿಸುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಕಾಕಾ ನಗುತ್ತಿದ್ದ. ಕಾಕುನೂ ನಗುತ್ತಿದ್ದಳು. ಮಕ್ಕಳೆಲ್ಲ ಆಕೆಯನ್ನು ‘ಸುರ್ಮಾ ಕಾಕು’ ಎಂದು ಕರೆಯತೊಡಗಿದೆವು. ಕೆಲ ದಿನದಲ್ಲಿ ದೊಡ್ಡವರ ಬಾಯಲ್ಲೂ ಅದೇ ಆಯಿತು. ಆಕೆ ಅದಕ್ಕೂ ಓಗೊಟ್ಟಳು. ವರ್ಷದ ಕೊನೆಗೆ ಗೀತಮಾಲೆಯಲ್ಲಿ 1981ರ ಮೊದಲ ಹಾಡು ಅದೇ ಎಂದು ಸಾರಿದಾಗ ನಾನು ಅಂಗಳದ ತುಂಬ ಕುಣಿದೆ.

ಈಗ, ಇಷ್ಟು ವರ್ಷದ ಮೇಲೆ, ಕಾಕು ತನ್ನ ಕಡೆಯ ಕತೆ ಹೇಳಿದಳು.

“ಬುಧವಾರ ಬಂತಂದ್ರ ನನಗ ಹೊಟ್ಟ್ಯಾಗ ಕಿವುಚಿದಂಗ ಆಗ್ತಿತ್ತು. ಈ ವಾರರ ಕೆಳಗ ಇಳೀತದೇನೋ, ಮುಂದಿನ ವಾರರ ಹೋಗ್ತದೇನೋ ಅಂತ ಕಿವಿಗೊಟ್ಟು ಕೇಳ್ತಿದ್ದೆ. ಒಲಿ ಹಿಂದಿನ ಗ್ವಾಡಿಗಿ ವಾರಕ್ಕೊಂದು ಇದ್ದಿಲ ಗೀಟು ಎಳೀತಿದ್ದೆ. ನಿಮ್ಮ ಆಯಿ ಅದು ಹಾಲಿನ ಲೆಕ್ಕ ಅಂತ ತಿಳಕೊಂಡಿದ್ದಳು.”

ನಾವು ಹಾಡು ಏರಲೆಂದು ಕೇಳುತ್ತಿದ್ದೆವು. ಅದೇ ಮನೆಯಲ್ಲಿ, ಅದೇ ರೇಡಿಯೋದಲ್ಲಿ, ಒಬ್ಬಳು ಹಾಡು ಇಳಿಯಲೆಂದು ಕೇಳುತ್ತಿದ್ದಳು. ಆಗ ನಾನು ಕಾಕುನ ಮುಖ ನೋಡಿದೆ. ಕಣ್ಣಿಗೆ ಕಾಡಿಗೆ ಇರಲಿಲ್ಲ. ನೆನಪು ಮಾಡಿಕೊಂಡರೆ, ನನ್ನ ಮದುವೆಯಲ್ಲೂ ಇರಲಿಲ್ಲ. ಯಾವಾಗ ಬಿಟ್ಟಳೋ ನಾನು ನೋಡಿಯೇ ಇರಲಿಲ್ಲ.

ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ನನ್ನ ಪರವಾಗಿ ನಾನೇ ವಕೀಲಿ ಮಾಡಿಕೊಂಡೆ. ನಾನು ಚಿಕ್ಕವಳಾಗಿದ್ದೆ ಎಂಬುದು ಮೊದಲ ಮಾತು. ಆದರೆ ಹನ್ನೆರಡು ವರ್ಷದ ಮಗುವಿಗೆ ಯಾರ ಕಡೆ ಕೈ ತೋರಿಸಿದರೆ ನಗು ಬರುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಈ ವಿಷಯದಲ್ಲಿ ಸಂಶಯವಿಲ್ಲ. ಅರ್ಥವಾಗದೆ ಹಾಡಿದೆ ಎನ್ನುವಂತೆಯೂ ಇಲ್ಲ. ಬೀದರ್ 1956ರ ತನಕ ಹೈದರಾಬಾದ್ ಸಂಸ್ಥಾನದ, ಆಮೇಲೆ ಅದೇ ಹೆಸರಿನ ರಾಜ್ಯದ ಭಾಗ. ದಖನಿ ಮಾತು ನಮ್ಮ ಓಣಿಯ ಎಲ್ಲರ ನಾಲಿಗೆಯ ಮೇಲೂ ಇತ್ತು. ಮೈಸೂರು ಕಡೆಯ ಹುಡುಗಿಗೆ ಆ ಹಾಡು ಬರಿಯ ತಾಳವಾಗಿ ಕೇಳಿಸಿದ್ದರೆ ಇರಬಹುದು. ನನಗೆ ಒಂದೊಂದು ಶಬ್ದವೂ ತಿಳಿದಿತ್ತು.

ಉಳಿದದ್ದು ಮೂರನೆಯ ಮಾತು. ದೇಶವೆಲ್ಲ ಹಾಡಿದ್ದನ್ನು ನಾನೂ ಹಾಡಿದೆ, ಅದರಲ್ಲಿ ನನ್ನದೊಂದೇ ತಪ್ಪು ಯಾಕೆ? ಇದೇ ಬಲವಾದ ವಾದ, ಇದರ ಬಗ್ಗೆಯೇ ನಾನು ಹೆಚ್ಚು ಯೋಚಿಸಿದ್ದೇನೆ.

ಬಹಳ ಮಂದಿ ಮೆಚ್ಚಿದ್ದೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. 1975ರಲ್ಲಿ ಅದೇ ಏಣಿಯ ತುದಿಗೆ ಏರಿದ್ದು ‘ರೋಟಿ ಕಪಡಾ ಔರ್ ಮಕಾನ್’ ಚಿತ್ರದ, ತುಟ್ಟಿಯ ಕಾಲವನ್ನು ಕುರಿತ ಹಾಡು. ರೇಷನ್ ಅಂಗಡಿಯ ಮುಂದೆ ಸಾಲು ನಿಂತ ಹೆಂಗಸರ ಬಾಯಿಂದ ಕಿತ್ತು ತಂದಂತಿತ್ತು. ಮಂದಿಯ ಲೆಕ್ಕ ಅಲ್ಲಿ ಸುಳ್ಳಾಗಿರಲಿಲ್ಲ. ಕೇಸ್ಕರ್ ಅವರಂತೆ ಒಬ್ಬರೇ ಕುಳಿತು ಜನ ಇದನ್ನು ಕೇಳಬೇಕು, ಇದನ್ನು ಕೇಳಬಾರದು ಎಂದು ತೀರ್ಮಾನಿಸುವುದಕ್ಕಿಂತ ಮಂದಿಯನ್ನು ಕೇಳುವುದೇ ಮೇಲು. ಆದರೆ ಆ ಲೆಕ್ಕ ಮೆಚ್ಚಿದವರದು ಮಾತ್ರ. ಕೊಂಡವರನ್ನು ಎಣಿಸಿದರು, ಪತ್ರ ಬರೆದವರನ್ನು ಎಣಿಸಿದರು. ಕೇಳಿ ಮುಖ ತಿರುಗಿಸಿದವರನ್ನು ಯಾರೂ ಎಣಿಸಲಿಲ್ಲ. ಅವರ ಲೆಕ್ಕ ಇದ್ದದ್ದು ಒಲೆಯ ಹಿಂದಿನ ಗೋಡೆಯ ಮೇಲೆ, ಇದ್ದಿಲಿನಲ್ಲಿ.

ನಮ್ಮ ಹೆಂಗಸರ ಹಾಡಿನಲ್ಲೂ ಚೇಷ್ಟೆಯಿಲ್ಲವೇ ಎಂದು ನೀವು ಕೇಳಬಹುದು. ಇದೆ. ಮದುವೆಯಲ್ಲಿ ಬೀಗರನ್ನು, ಬೀಗಿತಿಯರನ್ನು ಹೊಟ್ಟೆಬಾಕರೆಂದು, ಜಿಪುಣರೆಂದು ಹಾಡಿ ಹಂಗಿಸುವುದು ನಮ್ಮ ಕಡೆ ಬಹಳ ಹಿಂದಿನಿಂದ ಬಂದದ್ದು. ಅದರಲ್ಲಿ ಬಣ್ಣ, ಗಾತ್ರ ಯಾವುದನ್ನೂ ಬಿಡುವುದಿಲ್ಲ. ಆದರೆ ಅಲ್ಲಿ ಎದುರು ಸಾಲಿನಲ್ಲಿ ಬೀಗಿತಿ ಕುಳಿತಿರುತ್ತಾಳೆ. ಈ ಕಡೆಯವರ ಹಾಡು ಮುಗಿದ ಕೂಡಲೆ ಆಕೆ ಸೆರಗು ಬಿಗಿದು ಎರಡರಷ್ಟು ಹಿಂದಿರುಗಿಸುತ್ತಾಳೆ. ರೇಡಿಯೋಕ್ಕೆ ತಿರುಗಿ ಹಾಡುವುದು ಹೇಗೆ? ಕಾಕುನ ಸರದಿ ಎಂಬುದು ನಮ್ಮ ಅಂಗಳದಲ್ಲಿ ಒಂದು ಸಲವೂ ಬರಲಿಲ್ಲ. ನಗುವುದೊಂದೇ ಆಕೆಗೆ ಉಳಿದದ್ದು. ಆ ನಗುವನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಹಾಗಾದರೆ ತಪ್ಪು ಹಾಡಿನದೋ ನಮ್ಮದೋ? ಇದನ್ನು ಕಾಕುಗೇ ಕೇಳಿದೆ. “ಹಾಡಿಗೇನ್ ಗೊತ್ತವ್ವಾ ನಾ ಯಾರಂತ? ನನ್ನ ಕಡಿ ಕೈ ಮಾಡಿದಾಕಿ ನೀ” ಎಂದಳು. ನಿಜವೇ. ಆದರೂ ಹಾಡನ್ನು ಪೂರ್ತಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಒಂದು ಮುಖಕ್ಕಾಗಿ ಜಾಗ ಖಾಲಿ ಇಟ್ಟೇ ಅದನ್ನು ಕಟ್ಟಿದ್ದರು. ಪ್ರತಿ ಊರಿನಲ್ಲೂ ಯಾರೋ ಒಬ್ಬಳನ್ನು ಹುಡುಕಿ ತಂದು ಅಲ್ಲಿ ಕೂಡಿಸಿರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದವಳು ನಾನು.

ಇದಾದ ಮರುವರ್ಷ ಶಾಲೆಯ ಗ್ಯಾದರಿಂಗಿಗೆ ಹಾಡು ಆರಿಸುವ ಕೆಲಸ ನನಗೆ ಬಂತು. ಒಂಬತ್ತನೆಯ ತರಗತಿಯ ಹುಡುಗಿಯರು ಕುಣಿಯಲು ಒಂದು ಹೊಸ ಹಾಡು ತಂದಿದ್ದರು. ಅದರಲ್ಲಿ ದಪ್ಪ ಹುಡುಗಿಯೊಬ್ಬಳನ್ನು ಗೇಲಿ ಮಾಡುವ ಸಾಲಿತ್ತು. “ಟೀಚರ್, ಕೋಟಿ ಮಂದಿ ನೋಡ್ಯಾರ” ಎಂದು ಫೋನ್ ತೋರಿಸಿದರು. ನಾನು ಜಾಣಳಂತೆ ಕೇಳಿದೆ: “ನಮ್ಮ ವರ್ಗದಾಗ ಈ ಹಾಡು ಕೇಳಿ ತಲಿ ತಗ್ಗಿಸೋ ಹುಡುಗಿ ಯಾರರ ಅದಾಳೇನು?” ಕೇಳಿ ಮುಗಿಯುವುದರೊಳಗೆ ಹತ್ತು ತಲೆಗಳು ಹಿಂದಿನ ಬೆಂಚಿನ ಕಡೆ ತಿರುಗಿದವು. ಅಲ್ಲಿ ಕುಳಿತಿದ್ದ ಹುಡುಗಿ ಪುಸ್ತಕದ ಮೇಲೆ ಬಾಗಿದಳು. ಬುದ್ಧಿ ಹೇಳುವ ಭರದಲ್ಲಿ ನಾನು ಮತ್ತೊಮ್ಮೆ ಒಲೆಯ ಕಡೆ ಕೈ ತೋರಿಸಿದ್ದೆ.

ಆ ದಿನ ಏನೂ ತೀರ್ಮಾನಿಸದೆ ತರಗತಿ ಬಿಟ್ಟೆ. ಮರುದಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ, ತಮಗೆ ಕೇಳಲು ಬೇಡವಾದ ಒಂದು ಹಾಡು ಮತ್ತು ಯಾಕೆ ಬೇಡ ಎಂದು ಬರೆಯಲು ಹೇಳಿದೆ. ಬೇಕಾದ ಹಾಡಿಗೆ ಕೈ ಎತ್ತಿಸುವುದು ಮಾಮೂಲು. ಬೇಡವಾದದ್ದನ್ನು ಕೇಳಿದ್ದು ಅದೇ ಮೊದಲು. ಅರ್ಧಕ್ಕರ್ಧ ಚೀಟಿ ಖಾಲಿ ಬಂದವು. ಉಳಿದವನ್ನು ಓದಿ ನನಗೆ ಗಂಟಲು ಕಟ್ಟಿತು. ಆ ದಪ್ಪ ಹುಡುಗಿಯ ಹಾಡನ್ನು ಮೂವರು ಬರೆದಿದ್ದರು. ಇನ್ನೊಬ್ಬಳು, ಯಾರಿಗೂ ಏನೂ ಅನ್ನದ ಒಂದು ಸೌಮ್ಯ ಹಾಡಿನ ಹೆಸರು ಬರೆದು, ‘ಅಪ್ಪ ಕುಡಿದು ಬಂದಾಗ ಇದನ್ನೇ ಹಚ್ಚುತ್ತಾನೆ’ ಎಂದಿದ್ದಳು. ಅಂಥ ಹಾಡನ್ನು ಯಾವ ಸಚಿವರೂ ತಡೆಯಲಾರರು, ಯಾವ ಏಣಿಯೂ ಇಳಿಸಲಾರದು. ಆ ಎರಡು ಹಾಡುಗಳನ್ನು, ಕಾರಣ ಹೇಳದೆ, ಪಟ್ಟಿಯಿಂದ ತೆಗೆದೆ. ಹುಡುಗಿಯರು ಬೇರೆ ಹಾಡಿಗೆ ಕುಣಿದರು, ಚೆನ್ನಾಗಿಯೇ ಕುಣಿದರು.

ಹಳೆಯ ಹಾಡುಗಳನ್ನು ನಾನು ಬಿಟ್ಟಿಲ್ಲ. ಈಗಲೂ ರೊಟ್ಟಿ ಬಡಿಯುವಾಗ ಗೀತಮಾಲೆ ಬೇಕು. ಆ ಒಂದು ಹಾಡು ಬಂದರೆ ದಾಟಿಸುತ್ತೇನೆ. ಅದರ ತಾಳ ಇಂದಿಗೂ ಕಾಲನ್ನು ಎಳೆಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಚೀಟಿಯ ಸಂಗತಿ ಕಾಕುಗೆ ಹೇಳಿದೆ. ಜೊತೆಗೆ, ಬಹಳ ದಿನದಿಂದ ಬಾಯಿಗೆ ಬಾರದಿದ್ದ ಮಾತನ್ನೂ ಹೇಳಿದೆ: “ಕಾಕೂ, ಆಗ ನಂದು ತಪ್ಪಾತು.” ಕಾಕು ಅದಕ್ಕೆ ಏನೂ ಅನ್ನಲಿಲ್ಲ. ಚೀಟಿಯ ಬಗ್ಗೆಯೇ ಯೋಚಿಸುತ್ತಿದ್ದಳು. “ಛಲೋ ಮಾಡಿದಿ. ಖರೇ, ನಮ್ಮ ಕಾಲಕ್ಕ ಅಂಥಾ ಚೀಟಿ ಇದ್ದರೂ ನನಗೆಲ್ಲಿ ಬರೀಲಿಕ್ಕ ಬರ್ತಿತ್ತು?” ಎಂದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, “ನೀ ಬರಕೊಡ್ತಿದ್ದೇನು?” ಎಂದಳು.

ಹೂಂ ಎನ್ನಲು ಬಾಯಿ ತೆರೆದೆ. ಆಯಿಯ ಸೀರೆ ಸುತ್ತಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದ ಆ ಹುಡುಗಿ ಬರೆದು ಕೊಡುತ್ತಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.