ದೀಪವನ್ನು ಆರಿಸುವದು ಸುಳ್ಳೋ?

ಒಬ್ಬನು ತನ್ನ ಪಿಕಪ್ ಗಾಡಿಯನ್ನು ಮಾರಬೇಕೆಂದು ನಿಶ್ಚಯಿಸಿದ್ದಾನೆಂದು ಎಣಿಸೋಣ. ಕೊಳ್ಳುವವನು ನಾಳೆ ಬೆಳಿಗ್ಗೆ ಬರುವವನಾಗಿದ್ದಾನೆ. ಗಾಡಿಯ ವೇಗವನ್ನು ತೋರಿಸುವ ಮುಳ್ಳಿನ ಪಕ್ಕದಲ್ಲಿ ಇಂಜಿನಿನ ಆಕಾರವುಳ್ಳ ಹಳದಿ ದೀಪವೊಂದು ಹದಿನೈದು ದಿವಸಗಳಿಂದ ಉರಿಯುತ್ತಲಿದೆ. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಬೆಂಕಿಪೆಟ್ಟಿಗೆಯಷ್ಟರ ಸ್ಕ್ಯಾನರ್ ಒಂದನ್ನು ಗಾಡಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ಒಂದು ಸಾರಿ ಒತ್ತಿದರೆ ಆ ದೀಪವು ಆರಿಹೋಗುವದು. ಅವನು ಹಾಗೆಯೇ ಮಾಡುತ್ತಾನೆ. ಬೆಳಿಗ್ಗೆ ಕೊಳ್ಳುವವನು ಬಂದು, ಗಾಡಿಯನ್ನು ಓಡಿಸಿ ನೋಡಿ, ಹಣ ಎಣಿಸಿ ಕೊಟ್ಟು ಹೋಗುತ್ತಾನೆ. ದೀಪದ ವಿಷಯವಾಗಿ ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಮಾರಿದವನ ಬಾಯಿಂದ ಒಂದು ಸುಳ್ಳು ಮಾತೂ ಹೊರಡಲಿಲ್ಲ. ಹೀಗಿರುವಲ್ಲಿ ಅವನನ್ನು ಸುಳ್ಳುಗಾರನೆಂದು ಕರೆಯಬಹುದೋ?

ಇದು ಪಟ್ಟಣದವರ ಪ್ರಶ್ನೆ, ನಮಗೇನು ಎಂದು ಯಾರೂ ತಿಳಿಯಬಾರದು. ಶಹಾಬಾದಿನ ಗಣಿಗಳಿಂದ ಹಾಸುಗಲ್ಲನ್ನು ಹೊರುವದೂ, ಸೇಡಂ ಚಿಂಚೋಳಿಗಳ ಹೊಲಗಳಿಂದ ತೊಗರಿಯ ಚೀಲಗಳನ್ನು ಕಲಬುರಗಿಯ ಮಾರುಕಟ್ಟೆಗೆ ಮುಟ್ಟಿಸುವದೂ, ಚಿತ್ತಾಪುರದ ಅಂಗಡಿಗಳಿಗೆ ಸರಕನ್ನು ತರುವದೂ ಈಗ ಈ ಗಾಡಿಗಳ ಕೆಲಸವಾಗಿದೆ. ಒಂದು ಗಾಡಿಯ ಮೇಲೆ ಒಡೆಯನ ಸಾಲದ ಕಂತು, ಡ್ರೈವರನ ಸಂಬಳ, ಹಮಾಲರ ದಿನಗೂಲಿ ಇವೆಲ್ಲವೂ ನಿಂತಿರುತ್ತವೆ. ಆದದರಿಂದ ಹಳದಿ ದೀಪವು ಏನು ಹೇಳುತ್ತದೆ, ಏನು ಹೇಳುವದಿಲ್ಲ ಎಂಬದನ್ನು ಮೊದಲು ಚೆನ್ನಾಗಿ ತಿಳುಕೊಂಡು, ಆ ಮೇಲೆ ನ್ಯಾಯದ ಮಾತಿಗೆ ಬರುವದು ಒಳ್ಳೇದು.

ಇಂಜಿನಿನೊಳಗೆ ಹಲವು ಸ್ಥಳಗಳಲ್ಲಿ ಸೆನ್ಸರುಗಳೆಂಬ ಚಿಕ್ಕ ಸಾಧನಗಳಿವೆ. ಒಂದು ಒಳಗೆ ಬರುವ ಗಾಳಿಯನ್ನು ಅಳೆಯುತ್ತದೆ, ಒಂದು ನೀರಿನ ಬಿಸಿಯನ್ನು, ಮತ್ತೊಂದು ಡೀಸೆಲಿನ ಒತ್ತಡವನ್ನು. ಇವುಗಳ ವರದಿಯನ್ನು ಗಾಡಿಯ ಕಂಪ್ಯೂಟರು ಎಡೆಬಿಡದೆ ಓದುತ್ತಾ, ಇರಬೇಕಾದ ಮಿತಿಗಳೊಂದಿಗೆ ಹೋಲಿಸುತ್ತಾ ಇರುವದು. ಮಿತಿ ಮೀರಿದರೆ ಐದಕ್ಷರದ ಒಂದು ಕೋಡನ್ನು ಬರೆದಿಟ್ಟು ದೀಪವನ್ನು ಹಚ್ಚುವದು. ಮೊದಲನೆಯ ಅಕ್ಷರವು 'ಪಿ' ಆದರೆ ಇಂಜಿನ್ ಮತ್ತು ಗೇರಿನ ವಿಷಯ. 'ಬಿ' ಆದರೆ ಬಾಡಿ. 'ಸಿ' ಆದರೆ ಬ್ರೇಕು ಮೊದಲಾದವುಗಳ ವಿಷಯ. 'ಯು' ಆದರೆ ಗಾಡಿಯೊಳಗಿನ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವದರಲ್ಲಿ ತೊಡಕು. ಅಕ್ಷರದ ನಂತರ 0 ಇದ್ದರೆ ಆ ಕೋಡ್ ಸಾಮಾನ್ಯವಾಗಿ ಎಲ್ಲಾ ಕಂಪೆನಿಗಳಿಗೂ ಒಂದೇ ಅರ್ಥವುಳ್ಳದ್ದು. 1 ಇದ್ದರೆ ಗಾಡಿ ಮಾಡಿದ ಕಂಪೆನಿಯ ಸ್ವಂತದ್ದು. ಅಮೆರಿಕ ದೇಶದಲ್ಲಿ 1996ರಿಂದ ಹೊಸ ಕಾರುಗಳಲ್ಲೆಲ್ಲಾ ಇಂಥ ಏರ್ಪಾಡು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2010ರಿಂದ ಹಂತ ಹಂತವಾಗಿ ಬಂದು, 2020ನೆಯ ಎಪ್ರಿಲ್ 1ರ ಬಿ.ಎಸ್. 6 ನಿಯಮದಿಂದ ಇನ್ನೂ ಬಿಗಿಯಾಯಿತು. ಸ್ಟೀರಿಂಗಿನ ಕೆಳಗೆ 16 ರಂಧ್ರಗಳ ಒಂದು ಸಾಕೆಟ್ ಇರುವದನ್ನು ಅನೇಕರು ನೋಡಿರಬಹುದು. ಸ್ಕ್ಯಾನರನ್ನು ಅದರಲ್ಲಿಯೇ ಸಿಕ್ಕಿಸುವದು.

ಆದರೆ ಕೋಡ್ ಓದಿದ ಮಾತ್ರಕ್ಕೆ ರೋಗ ತಿಳಿಯಿತೆಂದು ಎಣಿಸುವವರೇ ಬಹಳ. ಮೇ ತಿಂಗಳಿನ ಮಧ್ಯಾಹ್ನ, ಸೇಡಮಿನ ಬಿಸಿಲಿನಲ್ಲಿ ತಗಡನ್ನು ಮುಟ್ಟಲಾಗದ ಹೊತ್ತಿನಲ್ಲಿ, ಸ್ಕ್ಯಾನರಿಗೆ 'ಪಿ0113' ಎಂಬ ಕೋಡ್ ಬಂದು, ಒಳಗೆ ಬರುವ ಗಾಳಿಯ ಬಿಸಿಯು ಸೊನ್ನೆಗಿಂತ 40 ಡಿಗ್ರಿ ಕೆಳಗಿದೆ ಎಂದು ಮೊಬೈಲು ತೋರಿಸುವದುಂಟು. ಹಿಮಾಲಯದ ಶಿಖರದಂಥ ಚಳಿಯು ಸೇಡಮಿಗೆ ಹೇಗೆ ಬಂತು? ಸಂಗತಿ ಏನಂದರೆ, ಆ ಸೆನ್ಸರು ಚಳಿ ಹೆಚ್ಚಿದಷ್ಟೂ ವಿದ್ಯುತ್ತನ್ನು ಹೆಚ್ಚು ತಡೆಯುವದು. ತಂತಿಯು ಪೂರ್ತಿಯಾಗಿ ಕಡಿದು ಹೋದರೆ ವಿದ್ಯುತ್ತು ಹರಿಯುವದೇ ಇಲ್ಲ. ಕಂಪ್ಯೂಟರು ಅದನ್ನು ಮಹಾ ಚಳಿಯೆಂದು ತಿಳಿಯುವದು. ಇಲಿಯು ತಂತಿಯನ್ನು ಕಡಿದಿರಬಹುದು. ಏರ್ ಫಿಲ್ಟರನ್ನು ಬಿಚ್ಚಿ ಕೂಡಿಸಿದವನು ಕ್ಲಿಪ್ಪನ್ನು ಸಿಕ್ಕಿಸಲು ಮರೆತಿರಬಹುದು. ಕೋಡಿನಲ್ಲಿ ಸೆನ್ಸರಿನ ಹೆಸರಿದೆಯೆಂದು ಹೊಸ ಸೆನ್ಸರನ್ನು ಕೊಂಡು ತಂದವನಿಗೆ ಹಣವೂ ಹೋಯಿತು, ದೀಪವೂ ಉಳಿಯಿತು.

ಇಂಥದ್ದನ್ನು ಮನೆಯಲ್ಲಿಯೇ, ಖರ್ಚಿಲ್ಲದೆ ಪರೀಕ್ಷಿಸಬಹುದು. ರಾತ್ರಿಯೆಲ್ಲಾ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡದೆ, ಚಾವಿಯನ್ನು ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ನೋಡಬೇಕು. ಇಂಜಿನಿನ ನೀರಿನ ಬಿಸಿಯೂ ಒಳಗಿನ ಗಾಳಿಯ ಬಿಸಿಯೂ ಹೊರಗಿನ ಹವೆಯೂ ಆಗ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಮೂರರಲ್ಲಿ ಒಂದು ಬೇರೆ ಮಾತನ್ನು ಹೇಳಿದರೆ ವಿಚಾರಣೆಯನ್ನು ಅಲ್ಲಿಂದ ಆರಂಭಿಸಬೇಕು.

'ಪಿ0087' ಎಂಬದು ಡೀಸೆಲಿನ ಒತ್ತಡ ಸಾಲದು ಎಂದು ಹೇಳುವದು. ಡೀಸೆಲ್ ಫಿಲ್ಟರು ಕಟ್ಟಿಕೊಂಡಿರಬಹುದು, ಪೈಪಿನೊಳಗೆ ಗಾಳಿ ಸೇರಿರಬಹುದು, ಪಂಪು ಸವೆದಿರಬಹುದು, ಅಥವಾ ಒತ್ತಡವನ್ನು ಅಳೆಯುವ ಸೆನ್ಸರೇ ಕೆಟ್ಟಿರಬಹುದು. ಫಿಲ್ಟರಿನ ಬೆಲೆ ಎಲ್ಲಿ, ಪಂಪಿನ ಬೆಲೆ ಎಲ್ಲಿ! ಅಗ್ಗದ್ದನ್ನು ಮೊದಲು ನೋಡುವದು ಬುದ್ಧಿ. (ಇಲ್ಲಿ ಒಂದು ಎಚ್ಚರಿಕೆ. ಪಂಪಿನಿಂದ ಇಂಜೆಕ್ಟರುಗಳಿಗೆ ಹೋಗುವ ಪೈಪುಗಳಲ್ಲಿ ಒತ್ತಡವು ಸಾವಿರ ಬಾರಿಗಿಂತಲೂ ಮೇಲೆ ಹೋಗುವದು. ಇಂಜಿನ್ ನಡೆಯುತ್ತಿರುವಾಗ ಅವುಗಳನ್ನು ಸಡಿಲಿಸಿದರೆ ಚಿಮ್ಮುವ ಡೀಸೆಲು ಚರ್ಮವನ್ನು ಛೇದಿಸಿ ಒಳಗೆ ಹೋಗುವದು. ಆ ಕೆಲಸವನ್ನು ಮಿಸ್ತ್ರಿಗೆ ಬಿಡತಕ್ಕದ್ದು.)

ಹೀಗೆ ಕೋಡ್ ಎಂಬದು ತೀರ್ಪಲ್ಲ, ಸಾಕ್ಷಿ. 'ಇಂಥಲ್ಲಿ ಇಂಥದ್ದನ್ನು ಕಂಡೆನು' ಎಂದು ಹೇಳುತ್ತದೆ; 'ಇಂಥವನು ಅಪರಾಧಿ' ಎಂದು ಹೇಳುವದಿಲ್ಲ. ಸಾಕ್ಷಿಗೆ ಎರಡು ವಿಧದಲ್ಲಿ ಅನ್ಯಾಯ ಮಾಡಬಹುದು. ಅವನು ಹೇಳಿದ್ದಕ್ಕಿಂತ ಹೆಚ್ಚನ್ನು ಅವನ ಬಾಯಲ್ಲಿ ಇಡುವದು ಒಂದು. ಅವನ ಬಾಯನ್ನೇ ಮುಚ್ಚುವದು ಇನ್ನೊಂದು.

ಎರಡನೆಯದನ್ನು ಮೊದಲು ನೋಡೋಣ. ಕೋಡನ್ನು ಅಳಿಸುವದೇ ತಪ್ಪೆಂದು ನಾವು ಹೇಳುವದಿಲ್ಲ. ಕಡಿದ ತಂತಿಯನ್ನು ಕೂಡಿಸಿದ ಮೇಲೆ ಮಿಸ್ತ್ರಿಯು ಕೋಡನ್ನು ಅಳಿಸಿಯೇ ಗಾಡಿಯನ್ನು ಓಡಿಸಿ ನೋಡುತ್ತಾನೆ. ತಿರುಗಿ ಬಾರದಿದ್ದರೆ ಕೆಲಸ ಸರಿಯಾಯಿತು, ಬಂದರೆ ಇನ್ನೂ ಹುಡುಕಬೇಕು. ಅವನು ಅಳಿಸುವದು ಕೇಳುವದಕ್ಕೋಸ್ಕರ. ಮಾರುವವನು ರಾತ್ರಿಯಲ್ಲಿ ಅಳಿಸುವದು ಯಾರೂ ಕೇಳಬಾರದೆಂದು. ಒತ್ತುವ ಬೆರಳೂ ಒಂದೇ, ಆರುವ ದೀಪವೂ ಒಂದೇ. ಆದಾಗ್ಯೂ ಎರಡೂ ಒಂದೇ ಕೆಲಸವಲ್ಲ.

ಮೌನವಾಗಿರುವದಕ್ಕೆ ಎಲ್ಲರಿಗೂ ಹಕ್ಕಿಲ್ಲವೇ ಎಂದು ಕೆಲವರು ಕೇಳಬಹುದು. ಎತ್ತನ್ನು ಮಾರುವವನು ಅದರ ಹಲ್ಲನ್ನು ತಾನಾಗಿ ತೆರೆದು ತೋರಿಸುವದಿಲ್ಲ. ಕೊಳ್ಳುವವನು ತೆರೆದು ನೋಡುತ್ತಾನೆ. ಸವೆದ ಟಾಯರಿನ ವಿಷಯವಾಗಿ ಮಾರುವವನು ಸುಮ್ಮನಿದ್ದರೂ ಟಾಯರು ತನ್ನನ್ನು ತಾನೇ ತೋರಿಸಿಕೊಳ್ಳುವದು. ಇದರಲ್ಲಿ ಸ್ವಲ್ಪ ನ್ಯಾಯವಿದೆಯೆಂದು ಒಪ್ಪಿಕೊಳ್ಳುತ್ತೇವೆ. ಆದರೆ ದೀಪವು ಟಾಯರಿನಂಥದ್ದಲ್ಲ. ದೀಪವು ಉರಿದರೆ ಕೆಡುಕುಂಟು, ಆರಿದ್ದರೆ ಇಂಜಿನ್ ತನ್ನಲ್ಲಿ ಕೆಡುಕನ್ನು ಕಾಣಲಿಲ್ಲ ಎಂಬದು ಗಾಡಿ ಮಾಡಿದವನೂ ಮಾರುವವನೂ ಕೊಳ್ಳುವವನೂ ಒಪ್ಪಿಕೊಂಡಿರುವ ಭಾಷೆ. ಆ ಭಾಷೆಯಲ್ಲಿ ಆರಿದ ದೀಪವೂ ಒಂದು ಮಾತು. ಅದನ್ನು ಕೈಯಿಂದ ಆರಿಸಿದವನು ಸುಮ್ಮನಿರಲಿಲ್ಲ. 'ಇಂಜಿನ್ ಸರಿಯಾಗಿದೆ' ಎಂದು ಮಾತಾಡಿದನು. ನಾಲಿಗೆಯಿಂದ ಆಡಿದ್ದಲ್ಲ, ಅಷ್ಟೇ. ವಾಡಿ ಜಂಕ್ಷನಿನಲ್ಲಿ 1874ರಿಂದ ಸಿಕಂದರಾಬಾದಿನ ಹಳಿಯು ಮುಂಬಯಿಯ ಹಳಿಯನ್ನು ಕೂಡುತ್ತದೆ. ಅಲ್ಲಿ ಒಬ್ಬನು ಕೆಂಪು ಸಿಗ್ನಲಿಗೆ ಹಸುರು ಗಾಜನ್ನು ಇಟ್ಟು, 'ನಾನು ಯಾರಿಗೂ ಏನೂ ಹೇಳಲಿಲ್ಲ' ಎಂದರೆ ಯಾರು ಒಪ್ಪುವರು?

ಇದರಿಂದಾಗುವ ಹಾನಿಯು ಊಹೆಯದಲ್ಲ. ಬಿ.ಎಸ್. 6ರ ಡೀಸೆಲ್ ಗಾಡಿಗಳಲ್ಲಿ ಬಹುಮಟ್ಟಿಗೆ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರು ಇರುವದು. ಗಾಡಿಯು ದೂರದ ದಾರಿಯಲ್ಲಿ ಒಂದೇ ವೇಗದಿಂದ ಓಡಿದಾಗ ಅದು ಚೆನ್ನಾಗಿ ಕಾದು ಆ ಮಸಿಯು ಸುಟ್ಟುಹೋಗುವದು. ದಿನವೆಲ್ಲಾ ವಾಡಿಯಿಂದ ಶಹಾಬಾದಿಗೆ, ಶಹಾಬಾದಿನಿಂದ ವಾಡಿಗೆ ನಿಂತು ನಿಂತು ಓಡುವ ಗಾಡಿಯಲ್ಲಿ ಫಿಲ್ಟರು ಬೇಕಾದಷ್ಟು ಕಾಯದೆ ಮಸಿ ತುಂಬುತ್ತಾ ಬಂದು 'ಪಿ2463' ಎಂಬ ಕೋಡ್ ಬರಬಹುದು. ಮಸಿಯು ಇನ್ನೂ ಮಿತಿಯಲ್ಲಿರುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಕೆಲವು ಮೈಲು ನಿಲ್ಲಿಸದೆ ಓಡಿಸಿದರೆ ಸರಿಹೋಗುವದುಂಟು. ಖರ್ಚು ಸ್ವಲ್ಪ ಡೀಸೆಲು. ಆ ಮಾತನ್ನು ಕೇಳದೆ ಕೋಡನ್ನು ಅಳಿಸುತ್ತಾ ಹೋದರೆ ಫಿಲ್ಟರು ಪೂರ್ತಿಯಾಗಿ ಕಟ್ಟಿ, ಗಾಡಿಯು ಏರನ್ನು ಹತ್ತಲಾರದೆ ನಿಲ್ಲುವದು. ಆಗ ಹೊಸ ಫಿಲ್ಟರಿಗೆ ಬಹಳ ಹಣ ಬೇಕು. ಹಳೇ ಪಿಕಪ್ಪನ್ನು ಕೊಳ್ಳುವವನು ಯಾರು? ಹೊಸದನ್ನು ಕೊಳ್ಳಲಾರದವನು. ಮಾರುವವನ ಕಷ್ಟವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಅವನಿಗೂ ಕಂತಿನ ತಾಪತ್ರಯವಿದೆ. ದೀಪ ಉರಿಯುತ್ತಿದ್ದರೆ ಬೆಲೆಯು ಹತ್ತು ಸಾವಿರ ಇಳಿಯಬಹುದು, ಮಗಳ ಫೀಸು ಅದರಲ್ಲಿಯೇ ಇರಬಹುದು. ಆದರೆ ಆ ಹತ್ತು ಸಾವಿರವು ದೀಪವನ್ನು ಆರಿಸಿದ್ದರಿಂದ ಹುಟ್ಟಿದ ಹಣವಲ್ಲ. ತನ್ನಷ್ಟೇ ಬಡವನಾದ ಮತ್ತೊಬ್ಬನ ಚೀಲದಿಂದ, ಅವನಿಗೆ ತಿಳಿಯದಂತೆ, ಬಂದ ಹಣ.

ಕೊಳ್ಳುವವರಿಗೆ ಒಂದು ಮಾತು. ಅಳಿಸಿದ್ದಕ್ಕೂ ಗುರುತು ಉಳಿಯುವದು. ಕೋಡ್ ಅಳಿಸಿದ ಮೇಲೆ ಗಾಡಿಯು ಎಷ್ಟು ಕಿಲೋಮೀಟರು ಓಡಿದೆ ಎಂಬದನ್ನು ಅನೇಕ ಗಾಡಿಗಳ ಕಂಪ್ಯೂಟರು ಲೆಕ್ಕ ಇಡುತ್ತದೆ. ಸಾಧಾರಣ ಸ್ಕ್ಯಾನರಿನಲ್ಲಿಯೂ ಓದಬಹುದು. ಇಂಜಿನ್ ತನ್ನನ್ನು ತಾನು ಮಾಡಿಕೊಳ್ಳುವ ಪರೀಕ್ಷೆಗಳು 'ಇನ್ನೂ ಮುಗಿಯಲಿಲ್ಲ' ಎಂದೂ ತೋರುವದು. ಒಂದು ಲಕ್ಷ ಕಿಲೋಮೀಟರು ಓಡಿದ ಗಾಡಿಯಲ್ಲಿ ಆ ಲೆಕ್ಕವು 6 ಅಥವಾ 7 ಎಂದಿದ್ದರೆ, ಕಾರಣವೇನೆಂದು ಮಾರುವವನನ್ನು ಮರ್ಯಾದೆಯಿಂದ ಕೇಳಬೇಕು. ಬ್ಯಾಟರಿ ಬದಲಿಸಿದ್ದರಿಂದಲೂ ಹಾಗಾಗುವದುಂಟು; ಗುರುತು ಕಂಡ ಕೂಡಲೇ ಮೋಸವೆಂದು ಕೂಗುವದು ನಾವು ಮೇಲೆ ಹೇಳಿದ ಮೊದಲನೆಯ ಅನ್ಯಾಯವೇ ಆಗುವದು.

ಆ ಮೊದಲನೆಯ ಅನ್ಯಾಯವು ನಮ್ಮ ಊರುಗಳಲ್ಲಿ ಹೆಚ್ಚಾಗಿ ಡ್ರೈವರನ ಮೇಲೆ ಬೀಳುತ್ತದೆ. ದೀಪ ಹತ್ತಿತು, ಒಡೆಯನು ಮೊಬೈಲಿನಲ್ಲಿ ಕೋಡನ್ನು ಓದಿದನು, 'ನೀನೇ ಇಂಜಿನ್ ಕೆಡಿಸಿದಿ' ಎಂದು ಸಂಬಳದಲ್ಲಿ ಕಡಿದನು. ಮೊದಲು ನೆಲಕ್ಕೂ ಮೇಸ್ತ್ರಿಗೂ ಕೊಡುತ್ತಿದ್ದ ದೂರನ್ನು ಈಗ ಐದಕ್ಷರಗಳ ಬಲದಿಂದ ಕೂಲಿಯವನಿಗೆ ಕೊಡುವದು ಸುಲಭವಾಯಿತು, ಯಾಕಂದರೆ ಯಂತ್ರದ ಮಾತಿಗೆ ಎದುರು ಮಾತು ಆಡುವದಕ್ಕೆ ಅವನಿಗೆ ಬಾರದು. 'ಪಿ0101' ಎಂದರೆ ಒಳಗೆ ಬರುವ ಗಾಳಿಯ ಅಳತೆಯು ಕಂಪ್ಯೂಟರಿನ ಲೆಕ್ಕಕ್ಕೆ ಕೂಡಿಬರಲಿಲ್ಲ ಎಂದು ಮಾತ್ರವೇ. ಕಲ್ಲಿನ ಗಣಿಯ ಬಿಳೀ ಧೂಳಿನಲ್ಲಿ ದಿನಾಲೂ ನಿಲ್ಲುವ ಗಾಡಿಯ ಏರ್ ಫಿಲ್ಟರನ್ನು ಬದಲಿಸಲು ಹಣ ಕೊಡಬೇಕಾದವನು ಯಾರು? ಡ್ರೈವರನು ಎರಡು ಸಾರಿ ಕೇಳಿದ್ದನೋ ಇಲ್ಲವೋ? ಅದು ಕೋಡಿನಲ್ಲಿ ಬರೆದಿರುವದಿಲ್ಲ.

ಕೋಡ್ ಬಿದ್ದ ಕ್ಷಣದಲ್ಲಿ ಗಾಡಿಯ ವೇಗವೆಷ್ಟು, ಇಂಜಿನಿನ ಸುತ್ತು ಎಷ್ಟು, ಭಾರವೆಷ್ಟು, ನೀರಿನ ಬಿಸಿಯೆಷ್ಟು ಎಂಬ ಒಂದು ಚಿತ್ರವನ್ನೂ ಕಂಪ್ಯೂಟರು ಅನೇಕ ಸಾರಿ ಉಳಿಸಿಕೊಂಡಿರುವದು. ಅಳಿಸಿದರೆ ಆ ಚಿತ್ರವೂ ಹೋಗುವದು. ಡ್ರೈವರನು ನಿರಪರಾಧಿಯೆಂದು ತೋರಿಸಬಹುದಾದ ಮಾತು ಅದರಲ್ಲಿಯೇ ಇದ್ದಿರಬಹುದು. ಆದದರಿಂದ ದೀಪ ಹತ್ತಿದ ದಿವಸ ಒಡೆಯನು ಒಬ್ಬನೇ ಕೂತು ಓದಬಾರದು. ಡ್ರೈವರನನ್ನು ಕರೆದು, 'ಬಾ ತಮ್ಮಾ, ಎಲ್ಲಿ ಹತ್ತಿತು, ಆಗ ಏರಿನಲ್ಲಿದ್ದಿಯೋ, ಎಷ್ಟು ಚೀಲ ಇದ್ದವು?' ಎಂದು ಕೇಳಿ, ಅವನು ಹೇಳಿದ್ದನ್ನೂ ಚಿತ್ರದಲ್ಲಿರುವ ಅಂಕೆಗಳನ್ನೂ ಒಂದೇ ಕಾಗದದಲ್ಲಿ ಬರೆದು, ಆ ಕಾಗದವನ್ನು ಮಿಸ್ತ್ರಿಗೆ ಕೊಡಲಿ. ತೊಗರಿಯ ಸುಗ್ಗಿಗೆ ಮುಂಚೆ ಏರ್ ಫಿಲ್ಟರು, ಡೀಸೆಲ್ ಫಿಲ್ಟರುಗಳನ್ನು ಇಬ್ಬರೂ ಕೂಡಿ ನೋಡಿ, ಬದಲಿಸಿದ ತಾರೀಖನ್ನು ಬಾಗಿಲಿನ ಒಳಗಡೆ ಬರೆದಿಡಲಿ. ಗಾಡಿಯನ್ನು ಮಾರುವ ದಿವಸ ಬಂದಾಗ ಆ ಕಾಗದಗಳನ್ನು ಚಾವಿಯ ಸಂಗಡ ಕೊಟ್ಟರೆ, ಕೊಳ್ಳುವವನು ಅವುಗಳನ್ನು ಓದಿ ತನ್ನ ಬೆಲೆಯನ್ನು ಹೇಳುವನು.